ಕಾಶಿಯ ಹೆಸರು ಹೊತ್ತ ಹಡಗು

ನಮ್ಮ ಹಿರಿಯರು ಕಾಶೀಯಾತ್ರೆಗೆ ಹೊರಡುವಾಗ ಬಂಧುಬಾಂಧವರಿಗೆ ಹೇಳಿ, ಸಾಲಸೋಲಗಳನ್ನು ತೀರಿಸಿ, ಮನೆಯ ಲೆಕ್ಕಪತ್ರಗಳನ್ನು ಮಗನ ಕೈಯಲ್ಲಿಟ್ಟು ಹೊರಡುತ್ತಿದ್ದರು. ದಾರಿ ದೂರ; ಹೋದವರು ಹಿಂದಿರುಗುವುದು ನಿಶ್ಚಯವಿಲ್ಲ. ತಿರುಗಿ ಬಂದರೆ ಗಂಗಾಸಮಾರಾಧನೆ; ಬಾರದಿದ್ದರೆ ಕಾಶಿಯಲ್ಲಿ ಕಾಲವಾದರೆಂಬ ಸಮಾಧಾನ. ಈ ಸಂಜೆ ನಾನು ಹೇಳಬೇಕೆಂದಿರುವುದು ಕಾಶಿಯ ಹೆಸರನ್ನೇ ಹೊತ್ತಿದ್ದ ಒಂದು ಉಗಿಹಡಗಿನ ಚರಿತ್ರೆ. ಅದನ್ನೇರಿ ಹೊರಟು ಹಿಂದಿರುಗದೆ ಹೋದವರ ಮನೆಯವರಿಗೆ ಅಂಥ ಸಮಾಧಾನವೂ ದೊರೆಯಲಿಲ್ಲ.

ಹಡಗಿನ ಹೆಸರು ‘ಸಿಟಿ ಆಫ್ ಬೆನಾರೆಸ್’, ಎಂದರೆ ಕಾಶೀಪಟ್ಟಣ. ಕಾಶಿಗೂ ಸಮುದ್ರಕ್ಕೂ ನೂರಾರು ಮೈಲಿಗಳ ಅಂತರವಿದ್ದರೂ ಹಡಗಿಗೆ ಈ ಹೆಸರು ಬಂದುದರಲ್ಲಿ ಆಶ್ಚರ್ಯವಿಲ್ಲ. ಅದರ ಒಡೆಯರಾದ ಎಲರ್ಮನ್ ಸಂಸ್ಥೆಯ ‘ಸಿಟಿ ಲೈನ್’ ಶಾಖೆಯವರು ತಮ್ಮ ಹಡಗುಗಳಿಗೆ ಒಂದೊಂದು ಪಟ್ಟಣದ ಹೆಸರನ್ನಿಡುವುದು ವಾಡಿಕೆ. ಹಿಂದೂ ದೇಶದೊಡನೆ ವ್ಯಾಪಾರ ನಡೆಸುತ್ತಿದ್ದವರಿಗೆ ಕಾಶಿಯಂಥ ಪ್ರಸಿದ್ಧಸ್ಥಳದ ಹೆಸರು ಹೊಳೆದುದು ಸಹಜವೇ. ೧೯೩೬ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬಾರ್ಕ್ಲೆ ಕರ್ಲ್ ಎಂಬ ಹಡಗು ಕಟ್ಟುವವರ ಕಾರ್ಖಾನೆಯಿಂದ ಈ ಹಡಗು ನೀರಿಗಿಳಿಯಿತು. ಅಕ್ಟೋಬರ್ ತಿಂಗಳಲ್ಲಿ ಲಿವರ್‌ಪೂಲಿನಿಂದ ಬೊಂಬಾಯಿಗೆ ತನ್ನ ಮೊದಲ ಪ್ರಯಾಣವನ್ನು ಮಾಡಿತು.

ಇದರ ತೂಕ ೧೧,೦೮೧ ಟನ್ನು ಎಂದು ಪುಸ್ತಕಗಳಲ್ಲಿ ಕಾಣುತ್ತೇವೆ. ವಾಸ್ತವವಾಗಿ ಇದು ತೂಕವೇ ಅಲ್ಲ. ಹಡಗಿನ ಒಳಗಣ ಅವಕಾಶವನ್ನು ಅಳೆದು, ನೂರು ಘನ ಅಡಿಗೆ ಒಂದು ಟನ್ನಿನಂತೆ ಲೆಕ್ಕ ಹಾಕುವ ಪದ್ಧತಿ ಅದು. ಉದ್ದ ಐನೂರು ಅಡಿಗೆ ಸ್ವಲ್ಪ ಕಡಮೆ. ಹಳೆಯ ಉಗಿಯಂತ್ರಗಳಲ್ಲಿ ಉಗಿಯು ಕೊಂತವನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ, ಆ ತಳ್ಳಾಟವನ್ನು ಚಕ್ರದ ತಿರುಗಾಟವಾಗಿ ಮಾರ್ಪಡಿಸಬೇಕಾಗಿದ್ದಿತು. ಈ ಹಡಗಿನಲ್ಲಿದ್ದುದು ಟರ್ಬೈನು. ಬಾಯ್ಲರುಗಳಿಂದ ಬಂದ ಉಗಿಯು ಸಾವಿರಾರು ಸಣ್ಣ ರೆಕ್ಕೆಗಳ ಮೇಲೆ ರಭಸದಿಂದ ಬಡಿದು, ಗಾಳಿಯಂತ್ರವನ್ನು ಗಾಳಿ ತಿರುಗಿಸುವಂತೆ, ಅಚ್ಚನ್ನು ನೇರವಾಗಿ ತಿರುಗಿಸುವ ಯಂತ್ರವದು. ಅದರ ಬಲದಿಂದ ಹಡಗು ಗಂಟೆಗೆ ೧೫ ಸಮುದ್ರ ಮೈಲಿ, ನೆಲದ ಲೆಕ್ಕದಲ್ಲಿ ೧೭ ಮೈಲಿ, ಸಾಗಬಲ್ಲುದಾಗಿದ್ದಿತು. ಅಟ್ಲಾಂಟಿಕ್ ಸಮುದ್ರದ ಮಹಾನೌಕೆಗಳ ಮುಂದೆ ಇದೇನೂ ದೊಡ್ಡ ವೇಗವಲ್ಲ. ಆದರೆ ಮೊದಲನೆಯ ತರಗತಿಯ ಇನ್ನೂರು ಚಿಲ್ಲರೆ ಪ್ರಯಾಣಿಕರು ಮೆಡಿಟರೇನಿಯನ್ ಸಮುದ್ರವನ್ನೂ ಸೂಯೆಜ್ ಕಾಲುವೆಯನ್ನೂ ದಾಟಿ ಮೂರು ವಾರದೊಳಗಾಗಿ ಬೊಂಬಾಯಿಯನ್ನು ಸುಖವಾಗಿ ಸೇರುವುದಕ್ಕೆ ಅಷ್ಟು ಸಾಕಾಗಿದ್ದಿತು. ರಜದ ಮೇಲೆ ಹೋಗಿ ಬರುವ ಅಧಿಕಾರಿಗಳು, ವರ್ತಕರು, ಅವರ ಮಡದಿಮಕ್ಕಳು, ಇಂಥವರೇ ಇದರ ಪ್ರಯಾಣಿಕರು. ಮೂರು ವರ್ಷಗಳ ಕಾಲ ಹೀಗೆ ಹೋಗಿಬರುತ್ತಿದ್ದ ಈ ಹಡಗಿನ ವಿಷಯದಲ್ಲಿ ಚರಿತ್ರಕಾರನು ಬರೆಯಬೇಕಾದುದೇನೂ ಇಲ್ಲ. ಹಡಗಿನ ಮಟ್ಟಿಗೆ ಇದು ಭಾಗ್ಯವೆಂದೇ ಹೇಳಬೇಕು.

ಇದನ್ನು ನಡೆಸುತ್ತಿದ್ದವರ ವಿಷಯವನ್ನು ಇಲ್ಲಿ ಹೇಳುವುದು ಅವಶ್ಯಕ. ಕಪ್ತಾನ, ಯಂತ್ರಾಧಿಕಾರಿಗಳು ಮೊದಲಾದ ಕೆಲವರು ಬ್ರಿಟಿಷರು. ಉಳಿದ ಆಳುಗಳಲ್ಲಿ ಹೆಚ್ಚು ಮಂದಿ ಹಿಂದೂ ದೇಶದವರು. ಇವರನ್ನು ಇಂಗ್ಲಿಷರು ಲಸ್ಕರರು ಎನ್ನುತ್ತಿದ್ದರು. ಮೈಸೂರಿನ ಲಷ್ಕರ್ ಮೊಹಲ್ಲವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಪಾರಸೀ ಭಾಷೆಯಲ್ಲಿ ದಂಡು ಎಂಬರ್ಥದ ಆ ಪದವೇ ಸಮುದ್ರಕ್ಕಿಳಿದು ನಾವಿಕನ ಹೆಸರಾಯಿತು. ಬಾಯ್ಲರಿನ ಬೆಂಕಿಯ ಮುಂದೆ ದುಡಿಯುವವರು, ಹಗ್ಗ ಎಳೆಯುವ ಖಲಾಸಿಗಳು, ಅಡುಗೆಯ ಭಂಡಾರಿಗಳು, ಊಟ ಬಡಿಸುವವರು, ಇವರೆಲ್ಲರ ಮೇಲೆ ಮೇಸ್ತ್ರಿಯಂತಿದ್ದ ಸಾರಂಗ, ಹೀಗೆ ಅದೊಂದು ತೇಲುವ ಊರೇ ಸರಿ. ೧೯೩೯ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿಯುತ್ತಿದ್ದ ಹಿಂದೂ ದೇಶದ ನಾವಿಕರು ಸುಮಾರು ೫೦,೦೦೦ ಮಂದಿ. ಆ ಹಡಗುಗಳ ನಾವಿಕರನ್ನೆಲ್ಲ ಒಟ್ಟುಗೂಡಿಸಿ ಎಣಿಸಿದರೆ ನಾಲ್ವರಲ್ಲಿ ಒಬ್ಬನು ಇವರವನು. ಸಂಬಳವಾದರೋ ಬಿಳಿಯ ನಾವಿಕನಿಗೆ ಸಲ್ಲುತ್ತಿದ್ದುದರ ನಾಲ್ಕರಲ್ಲಿ ಒಂದು ಪಾಲಿನಷ್ಟು. ಆ ವರ್ಷ ಯುದ್ಧವು ಆರಂಭವಾದಾಗ, ಅಪಾಯವು ಎಲ್ಲರಿಗೂ ಸಮನಾಗಿರುವಲ್ಲಿ ಕೂಲಿಯು ಏಕೆ ಹೆಚ್ಚಬಾರದೆಂದು ಕೇಳಿ ಇವರು ಇಂಗ್ಲೆಂಡಿನ ಮತ್ತು ಇತರ ದೇಶಗಳ ರೇವುಗಳಲ್ಲಿ ಕೆಲಸ ನಿಲ್ಲಿಸಿದರು. ನೂರಾರು ಮಂದಿ ಸೆರೆಮನೆಗೆ ಹೋದರು. ಕೊನೆಗೆ ಸಂಬಳ ಸ್ವಲ್ಪ ಏರಿತು, ಹಡಗುಗಳು ಹೊರಟವು.

ಇನ್ನು ಯುದ್ಧದ ವಿಷಯ. ೧೯೪೦ರ ಜೂನ್ ತಿಂಗಳಲ್ಲಿ ಫ್ರಾನ್ಸು ಸೋತು ಶರಣಾಯಿತು. ಇಟಲಿಯೂ ಯುದ್ಧಕ್ಕಿಳಿದುದರಿಂದ ಮೆಡಿಟರೇನಿಯನ್ ಸಮುದ್ರದ ಹಳೆಯ ದಾರಿ ಅಪಾಯಕರವಾಯಿತು. ಇಂಗ್ಲೆಂಡಿನ ಮೇಲೆ ಜರ್ಮನರು ಇಂದೋ ನಾಳೆಯೋ ಇಳಿಯುವರೆಂಬ ಭೀತಿ ಎಲ್ಲೆಲ್ಲಿಯೂ ಹಬ್ಬಿತು. ಹಣವಂತರು ತಮ್ಮ ಮಕ್ಕಳನ್ನು ಆಗಲೇ ಅಮೆರಿಕಕ್ಕೆ ಕಳುಹಿಸತೊಡಗಿದ್ದರು. ಬಡವರ ಮಕ್ಕಳಿಗೆ ಮಾತ್ರ ಆ ಅವಕಾಶವಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಾಗಿ ಸರ್ಕಾರದವರು ಐದು ವರ್ಷದಿಂದ ಹದಿನೈದು ವರ್ಷದವರೆಗಿನ ಮಕ್ಕಳನ್ನು ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಗಳಿಗೆ ತಮ್ಮ ವೆಚ್ಚದಲ್ಲಿ ಕಳುಹಿಸುವ ಒಂದು ಮಂಡಲಿಯನ್ನು ಏರ್ಪಡಿಸಿದರು. ಚರ್ಚಿಲ್ ಪ್ರಧಾನಿಗೆ ಈ ಯೋಜನೆಯಲ್ಲಿ ಉತ್ಸಾಹವಿರಲಿಲ್ಲ. ಮಕ್ಕಳನ್ನು ಹೊರಗೆ ಕಳುಹಿಸುವುದು ಸೋಲಿನ ಭಯವನ್ನು ತೋರಿಸಿಕೊಂಡಂತೆ ಎಂಬುದು ಅವರ ಮತ. ಆದರೆ ಕೆಲವೇ ವಾರಗಳಲ್ಲಿ ಬಂದ ಅರ್ಜಿಗಳು ಎರಡು ಲಕ್ಷವನ್ನು ಮೀರಿದವು. ಒಬ್ಬ ತಾಯಿಯು ಮಗುವನ್ನು ಸಾವಿರಾರು ಮೈಲಿ ದೂರದಲ್ಲಿ ಅಪರಿಚಿತರ ಮನೆಗೆ ಕಳುಹಿಸಲೊಪ್ಪುವಳೆಂದರೆ, ಆಕೆಯ ಮನೆಯಲ್ಲಿ ರಾತ್ರಿಗಳು ಹೇಗೆ ಕಳೆಯುತ್ತಿದ್ದುವೆಂಬುದನ್ನು ನಾವು ಊಹಿಸಿಕೊಳ್ಳಬೇಕು.

ಈ ಯೋಜನೆಗೆ ಸೇರಿದ ‘ಫೋಲೆಂಡಾಮ್’ ಎಂಬ ಡಚ್ ಹಡಗು ಆಗಸ್ಟ್ ೩೦ರಂದು ಟಾರ್ಪೆಡೊ ಏಟಿಗೆ ಸಿಕ್ಕಿತು. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಮಕ್ಕಳಿದ್ದರು, ಒಬ್ಬರಿಗೂ ಪ್ರಾಣಾಪಾಯವಾಗಲಿಲ್ಲ. ಹಡಗು ಮುಳುಗಲೂ ಇಲ್ಲ. ಮಕ್ಕಳು ದೋಣಿಗಳಲ್ಲಿ ಹಾಡುತ್ತ ಕುಳಿತಿದ್ದರೆಂದು ಪತ್ರಿಕೆಗಳು ಬರೆದವು. ಇದು ಎಚ್ಚರಿಕೆಯಾಗಬೇಕಾಗಿದ್ದಿತು, ಧೈರ್ಯವಾಗಿ ಪರಿಣಮಿಸಿತು. ದೋಣಿಗಳಿವೆ, ಜೊತೆಗೆ ಬೇರೆ ಹಡಗುಗಳಿವೆ, ಬಂದರೂ ಇಷ್ಟೇ ಬರುವುದು ಎಂದು ಜನ ನಂಬಿದರು. ಅಂದು ಬದುಕಿ ಬಂದ ಮಕ್ಕಳಲ್ಲಿ ಇಬ್ಬರು ಎರಡೇ ವಾರಗಳಲ್ಲಿ ಮತ್ತೊಂದು ಹಡಗನ್ನು ಹತ್ತಿದರು. ಆ ಹಡಗೇ ಸಿಟಿ ಆಫ್ ಬೆನಾರೆಸ್.

ಸೆಪ್ಟೆಂಬರ್ ೧೩, ಶುಕ್ರವಾರ, ಹಡಗು ಲಿವರ್‌ಪೂಲನ್ನು ಬಿಟ್ಟಿತು. ಅದರಲ್ಲಿ ಸುಮಾರು ನಾನೂರು ಮಂದಿ. ಅವರಲ್ಲಿ ಆ ಯೋಜನೆಯ ಮಕ್ಕಳು ೯೦. ಲಂಡನ್ನಿನ ಒಂದು ಕುಟುಂಬದವರು, ತಮ್ಮ ಮನೆ ಬಾಂಬಿಗೆ ಬಿದ್ದುಹೋದುದರಿಂದ, ಹತ್ತು ಮಕ್ಕಳಲ್ಲಿ ಐವರನ್ನು ಇದರಲ್ಲಿ ಕಳುಹಿಸಿದ್ದರು. ಪ್ರತಿಯೊಂದು ಮಗುವಿಗೂ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಬರೆದ ಬಿಲ್ಲೆಯನ್ನು ಮಗುವಿನ ಮೈಮೇಲೆ ಕಟ್ಟಿತ್ತು. ಮಕ್ಕಳನ್ನು ನೋಡಿಕೊಳ್ಳಲು ಹದಿನೈದು ಮಕ್ಕಳಿಗೊಬ್ಬರಂತೆ ಮೇಲ್ವಿಚಾರಕರಿದ್ದರು. ಬೇರೆ ಪ್ರಯಾಣಿಕರಲ್ಲಿ ರುಡಾಲ್ಫ್ ಓಲ್ಡನ್ ಎಂಬ ಜರ್ಮನ್ ವಕೀಲರೂ ಲೇಖಕರೂ ಆದವರೊಬ್ಬರು. ಹಿಟ್ಲರನನ್ನು ವಿರೋಧಿಸಿ ದೇಶವನ್ನೇ ತೊರೆದು ಬಂದವರು. ಜೊತೆಯಲ್ಲಿ ಅವರ ಪತ್ನಿ. ಸುಪ್ರಸಿದ್ಧ ಕಾದಂಬರಿಕಾರ ಥಾಮಸ್ ಮಾನ್ ಅವರ ಮಗಳು ಮೋನಿಕಾ ಮತ್ತು ಆಕೆಯ ಪತಿಯೂ ಇದ್ದರು.

ಊಟದ ಪಡಿತರದಿಂದ ಬಳಲಿದ್ದ ಮಕ್ಕಳಿಗೆ ಈ ಹಡಗು ಒಂದು ಗಂಧರ್ವಲೋಕದಂತೆ ತೋರಿತು. ಬಿಳಿಯ ಬಟ್ಟೆ ಹಾಸಿದ ಮೇಜುಗಳು, ಬೇಕಾದಷ್ಟು ಐಸ್ ಕ್ರೀಂ, ಆಟಿಕೆಗಳ ಕೊಠಡಿ. ಎಲ್ಲಕ್ಕಿಂತ ಹೆಚ್ಚಾಗಿ, ಪೇಟ ಸುತ್ತಿಕೊಂಡು ನಗುನಗುತ್ತ ಬಡಿಸುವ ನಮ್ಮ ದೇಶದ ಪರಿಚಾರಕರು. ಲಂಡನ್ನಿನ, ಲಿವರ್‌ಪೂಲಿನ ಓಣಿಗಳಲ್ಲಿ ಬೆಳೆದ ಆ ಮಕ್ಕಳು ಅಂಥ ಉಡುಪನ್ನು ಚಿತ್ರಗಳಲ್ಲಿ ಮಾತ್ರ ಕಂಡಿದ್ದವರು. ಬದುಕಿ ಉಳಿದವರು ಮುಪ್ಪಿನಲ್ಲಿಯೂ ಇವರ ಉಪಚಾರವನ್ನು ನೆನೆಯುತ್ತಿದ್ದರು. ನಾಲ್ಕು ದಿನಗಳ ಮಟ್ಟಿಗೆ ಈ ಎರಡು ಬಗೆಯ ಬಡವರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಹಡಗಿನಲ್ಲಿ ಸಂತೋಷವಾಗಿದ್ದರೆನ್ನಬಹುದು.

ಆಗಿನ ಕಾಲದಲ್ಲಿ ಹಡಗುಗಳು ಒಂಟಿಯಾಗಿ ಹೋಗದೆ ಗುಂಪುಕೂಡಿ, ಯುದ್ಧನೌಕೆಗಳ ಕಾವಲಿನಲ್ಲಿ ಹೋಗುತ್ತಿದ್ದವು. ಈ ಗುಂಪಿನಲ್ಲಿ ಹತ್ತೊಂಬತ್ತು ಹಡಗುಗಳಿದ್ದವು. ಬೆನಾರೆಸ್ ಹಡಗು ಅದರ ಮುಂದಾಳು. ಗುಂಪಿನಲ್ಲಿ ಹೋಗುವುದರಿಂದ ರಕ್ಷಣೆಯುಂಟು, ನಿಜ. ಆದರೆ ಮಂದೆಯು ಕುಂಟುವ ಹಸುವಿನ ವೇಗದಲ್ಲಿಯೇ ನಡೆಯಬೇಕಷ್ಟೆ. ೧೫ ಮೈಲಿ ಓಡಬಲ್ಲ ಹಡಗು ಅದರ ಅರ್ಧ ವೇಗದ ಸರಕುಹಡಗುಗಳಿಗೆ ಕಾದುಕೊಂಡು ಹೋಗಬೇಕಾಯಿತು. ಕಾವಲಿನ ನೌಕೆಗಳಾದರೋ ಬಹಳ ಕಡಮೆ. ಅವು ಪಶ್ಚಿಮಕ್ಕೆ ಒಂದು ಗೊತ್ತಾದ ರೇಖೆಯವರೆಗೆ ಹೋಗುವ ಹಡಗುಗಳನ್ನು ತಲಪಿಸಿ, ಅಲ್ಲಿಂದ ಇಂಗ್ಲೆಂಡಿನತ್ತ ಬರುವ ಇನ್ನೊಂದು ಗುಂಪನ್ನು ಎದುರುಗೊಳ್ಳಲು ಹಿಂದಿರುಗಬೇಕಾಗಿದ್ದಿತು. ಆ ರೇಖೆಯಾಚೆಗೆ ಶತ್ರುವಿನ ಭಯ ಕಡಮೆಯೆಂಬುದು ಹಿಂದಿನ ಅನುಭವದ ಲೆಕ್ಕ. ಆದರೆ ಫ್ರಾನ್ಸಿನ ರೇವುಗಳು ಜರ್ಮನರ ಕೈಸೇರಿದ ಮೇಲೆ ಅವರ ಜಲಾಂತರ್ಗಾಮಿ ನೌಕೆಗಳಿಗೆ ನೂರಾರು ಮೈಲಿಗಳ ದಾರಿ ಉಳಿದು, ಅವು ಮತ್ತಷ್ಟು ಪಶ್ಚಿಮಕ್ಕೆ ಬರಬಲ್ಲುವಾಗಿದ್ದವು. ಲೆಕ್ಕ ಹಳೆಯದಾಗಿದ್ದಿತು; ಸಮುದ್ರ ಬದಲಾಗಿದ್ದಿತು.

ಸೆಪ್ಟೆಂಬರ್ ೧೭ರ ಮುಂಜಾನೆ ಒಂದು ಗಂಟೆಯ ಸುಮಾರಿಗೆ ‘ವಿಂಚೆಲ್ಸಿ’ ಎಂಬ ಕಾವಲಿನ ನೌಕೆ ತನಗಿದ್ದ ಆಜ್ಞೆಯಂತೆ ಬೀಳ್ಕೊಂಡಿತು. ಕಾವಲು ಹೋದ ಮೇಲೆ ಬೆನಾರೆಸ್ ಹಡಗು ಗುಂಪನ್ನು ಬಿಟ್ಟು ತನ್ನ ವೇಗದಲ್ಲಿ ಮುಂದೆ ಓಡಬಹುದಾಗಿದ್ದಿತು. ಗುಂಪಿನ ಮುಖ್ಯಾಧಿಕಾರಿಗಳು ಹಾಗೆ ಮಾಡಲು ಒಪ್ಪಲಿಲ್ಲ. ಬಿರುಗಾಳಿ ಏಳುತ್ತಿದ್ದುದರಿಂದ, ಶತ್ರುವಿನ ಗುರಿ ತಪ್ಪಿಸಲು ಅಂಕುಡೊಂಕಾಗಿ ಸಾಗುವುದನ್ನೂ ನಿಲ್ಲಿಸಿದರು. ಮೊದಲ ರಾತ್ರಿಗಳಲ್ಲಿ ಉಟ್ಟ ಬಟ್ಟೆಯಲ್ಲಿಯೇ ಮಲಗಬೇಕೆಂದು ಮಕ್ಕಳಿಗೆ ಕಟ್ಟಪ್ಪಣೆಯಿದ್ದಿತು. ಅಪಾಯದ ಎಲ್ಲೆ ದಾಟಿತೆಂದು ಅಂದು ರಾತ್ರಿ ಮಲಗುವ ಉಡುಪನ್ನು ತೊಡಲು ಅನುಮತಿ ದೊರೆಯಿತು. ಈ ತೀರ್ಮಾನಗಳಲ್ಲಿ ಯಾವುದೊಂದನ್ನೂ ಮೂರ್ಖತನವೆಂದು ಹೇಳಲಾಗದು. ಒಂದೊಂದಕ್ಕೂ ಒಂದು ಕಾರಣವಿದ್ದಿತು. ಮಹಾವಿಪತ್ತುಗಳು ಬಹುಮಟ್ಟಿಗೆ ಹೀಗೆಯೇ ಬರುತ್ತವೆ. ಸಕಾರಣವಾದ ಸಣ್ಣ ಸಣ್ಣ ತೀರ್ಮಾನಗಳು ಒಂದರ ಮೇಲೊಂದು ಕೂಡಿ ದಾರಿ ಮಾಡಿಕೊಡುತ್ತವೆ.

ಯು-೪೮ ಎಂಬ ಜರ್ಮನ್ ನೌಕೆ ಆ ದಿನ ಈ ಗುಂಪಿನ ಜಾಡು ಹಿಡಿದು ಬರುತ್ತಿದ್ದಿತು. ಅದರ ನಾಯಕ ಹೈನ್ರಿಖ್ ಬ್ಲೈಖ್ರೋಟ್. ರಾತ್ರಿ ಸುಮಾರು ಹತ್ತು ಗಂಟೆಗೆ ಅವನು ಗುಂಪಿನ ಮುಂದಾಳಾಗಿದ್ದ ದೊಡ್ಡ ಹಡಗಿನ ಮೇಲೆ ಎರಡು ಟಾರ್ಪೆಡೊಗಳನ್ನು ಬಿಟ್ಟನು, ಎರಡೂ ತಪ್ಪಿದವು. ಮೂರನೆಯದು ತಪ್ಪಲಿಲ್ಲ. ಅದು ಹಡಗಿನ ಹಿಂಭಾಗದಲ್ಲಿ, ಮಕ್ಕಳು ಮಲಗಿದ್ದ ಕೊಠಡಿಗಳ ಕೆಳಗೆ, ಬಡಿಯಿತು. ಹತ್ತಿರದ ನೆಲ ನೂರಾರು ಮೈಲಿ ದೂರ. ಅರ್ಧ ಗಂಟೆಯ ಸುಮಾರಿನಲ್ಲಿ ಹಡಗು ಹಿಂದುಮುಂದಾಗಿ ಮುಳುಗಿಹೋಯಿತು. ಕಪ್ತಾನ ನಿಕಲ್ ಅವರೂ, ಗುಂಪಿನ ಮುಖ್ಯಾಧಿಕಾರಿ ಅಡ್ಮಿರಲ್ ಮ್ಯಾಕಿನನ್ ಅವರೂ ಅದರೊಡನೆಯೇ ಹೋದರು.

ದೋಣಿಗಳು ಸಾಲದೆ ಬರಲಿಲ್ಲ. ‘ಟೈಟಾನಿಕ್’ ಹಡಗಿನ ಕಾಲದಿಂದ ಲೋಕವು ಆ ಪಾಠವನ್ನು ಕಲಿತಿದ್ದಿತು. ಆದರೆ ದೋಣಿಯನ್ನು ಹಡಗಿನ ಪಕ್ಕದಿಂದ ಎರಡು ಹಗ್ಗಗಳಲ್ಲಿ ಸಮನಾಗಿ ಇಳಿಸಬೇಕು. ಹಡಗು ವಾಲಿ, ಬಿರುಗಾಳಿ ಬೀಸಿ, ಮನೆಯೆತ್ತರದ ಅಲೆ ಏಳುತ್ತಿರುವಾಗ ಕತ್ತಲಲ್ಲಿ ಈ ಕೆಲಸ ಹೇಗೆ ಸಾಧ್ಯ? ಕೆಲವು ದೋಣಿಗಳ ಒಂದು ತುದಿ ಮೊದಲು ಜಾರಿ, ಕುಳಿತಿದ್ದವರೆಲ್ಲ ನೀರಿಗೆ ಬಿದ್ದರು. ಕೆಲವು ಅಲೆಯಿಂದ ತುಂಬಿದವು. ಗಾಳಿಪೆಟ್ಟಿಗೆಗಳಿದ್ದುದರಿಂದ ಅವು ಮುಳುಗದಿದ್ದರೂ, ಒಳಗಿದ್ದವರು ಸೊಂಟದವರೆಗಿನ ನೀರಿನಲ್ಲಿ ರಾತ್ರಿಯೆಲ್ಲ ಕೂರಬೇಕಾಯಿತು. ಅಲ್ಲಿ ಕೊಂದುದು ಮುಳುಗಡೆಯಲ್ಲ, ಚಳಿ. ತೆಳು ಬಟ್ಟೆಯ ಮಕ್ಕಳೂ, ಬಿಸಿಲುದೇಶದ ಹತ್ತಿಬಟ್ಟೆಯ ನಾವಿಕರೂ ಆ ಚಳಿಗೆ ಮೊದಲು ತುತ್ತಾದರು. ಗುಂಪಿನ ಇತರ ಹಡಗುಗಳು ನಿಲ್ಲಲಿಲ್ಲ. ಶತ್ರು ಸಮೀಪದಲ್ಲಿರುವಾಗ ಚದರಿಹೋಗಬೇಕೆಂಬುದು ನಿಯಮ; ನಿಂತ ಹಡಗು ಮುಂದಿನ ಗುರಿ. ಅದೇ ರಾತ್ರಿ ಅದೇ ಗುಂಪಿನ ‘ಮರೀನಾ’ ಎಂಬ ಸರಕುಹಡಗೂ ಅದೇ ಶತ್ರುವಿಗೆ ಬಲಿಯಾಯಿತು.

ಹದಿನೈದು ವರ್ಷದ ಒಬ್ಬ ಹುಡುಗಿಯೂ ಹದಿನಾಲ್ಕು ವರ್ಷದ ಇನ್ನೊಬ್ಬಳೂ ಮಗುಚಿದ ದೋಣಿಯ ಬೆನ್ನನ್ನು ಆಚೆಯಿಂದೊಬ್ಬಳು ಈಚೆಯಿಂದೊಬ್ಬಳು ಹಿಡಿದುಕೊಂಡು, ಒಬ್ಬಳ ಮುಖ ಇನ್ನೊಬ್ಬಳಿಗೆ ಕಾಣುವಂತೆ, ಮರುದಿನ ಸಂಜೆಯವರೆಗೆ ಜೋಲಾಡುತ್ತಿದ್ದರು. ಮುನ್ನೂರು ಮೈಲಿ ದೂರದಲ್ಲಿದ್ದ ‘ಹರಿಕೇನ್’ ಎಂಬ ಯುದ್ಧನೌಕೆ ತಂತಿಯಿಲ್ಲದ ಕರೆಯನ್ನು ಕೇಳಿ, ಬಿರುಗಾಳಿಯಲ್ಲಿ ಸಾಧ್ಯವಾದ ವೇಗದಿಂದ ಬಂದು, ಹದಿನೆಂಟನೆಯ ತಾರೀಖು ಮಧ್ಯಾಹ್ನ ಸ್ಥಳವನ್ನು ಮುಟ್ಟಿತು. ನೀರಿನ ಮೇಲೆ ಹುಡುಕಿ ಹುಡುಕಿ ೧೦೫ ಮಂದಿಯನ್ನು ಮೇಲೆತ್ತಿತು. ಆ ಇಬ್ಬರು ಹುಡುಗಿಯರೂ ಅವರಲ್ಲಿ ಸೇರಿದ್ದರು. ಬಳಿಕ ದೋಣಿಗಳ ಲೆಕ್ಕವನ್ನು ನೋಡಿದರು, ಲೆಕ್ಕ ಸರಿಹೋಯಿತು, ನೌಕೆ ಹಿಂದಿರುಗಿತು.

ಆದರೆ ಆ ಲೆಕ್ಕ ಸರಿಯಾಗಿರಲಿಲ್ಲ. ಬೆನಾರೆಸ್ ಹಡಗಿನದೆಂದು ಎಣಿಸಿದ ದೋಣಿಗಳಲ್ಲಿ ಒಂದು ಮರೀನಾ ಹಡಗಿನದು. ಬೆನಾರೆಸಿನ ಹನ್ನೆರಡನೆಯ ದೋಣಿ ಕ್ಷೇಮವಾಗಿ ನೀರಿಗಿಳಿದು, ೪೬ ಮಂದಿಯನ್ನು ಹೊತ್ತು, ಯಾರ ಕಣ್ಣಿಗೂ ಬೀಳದೆ ದೂರ ತೇಲಿಹೋಗಿದ್ದಿತು. ಅದರಲ್ಲಿ ಆರು ಮಂದಿ ಹುಡುಗರು, ಮೇರಿ ಕಾರ್ನಿಷ್ ಎಂಬ ಸಂಗೀತದ ಅಧ್ಯಾಪಕಿ, ಒಬ್ಬ ಪಾದ್ರಿ, ಪೋಲೆಂಡಿನ ಒಬ್ಬ ವರ್ತಕ, ಕೂಪರ್ ಎಂಬ ನಾಲ್ಕನೆಯ ಅಧಿಕಾರಿ ಮತ್ತು ಕೆಲವರು ಬ್ರಿಟಿಷ್ ನಾವಿಕರು. ಉಳಿದ ಮೂವತ್ತಕ್ಕೂ ಹೆಚ್ಚು ಮಂದಿ ಹಿಂದೂ ದೇಶದವರು. ಆ ದೋಣಿಗೆ ಹುಟ್ಟುಗಳ ಬದಲಾಗಿ ಹಿಂದಕ್ಕೂ ಮುಂದಕ್ಕೂ ತಳ್ಳುವ ಸನ್ನೆಗೋಲುಗಳಿದ್ದವು. ಅವು ಒಳಗಿನ ಯಂತ್ರವನ್ನು ತಿರುಗಿಸಿ ದೋಣಿಯನ್ನು ನಡೆಸುತ್ತಿದ್ದವು. ಗಾಳಿ ಅನುಕೂಲವಾದಾಗ ಪಟ ಬಿಚ್ಚಿ ಐರ್ಲೆಂಡಿನ ದಿಕ್ಕಿಗೆ ಹೊರಟರು. ದಿನಕ್ಕೆ ಒಂದಿಷ್ಟು ಗಟ್ಟಿ ಬಿಸ್ಕತ್ತು, ಡಬ್ಬಿಯ ಮೀನಿನ ಒಂದು ತುಣುಕು, ನಾಲಗೆ ನೆನೆಯುವಷ್ಟು ನೀರು. ಕಾರ್ನಿಷ್ ಅವರು ಹುಡುಗರ ಮರಗಟ್ಟಿದ ಕೈಕಾಲುಗಳನ್ನು ತಿಕ್ಕುತ್ತ, ಪತ್ತೇದಾರಿ ಕಥೆಯೊಂದನ್ನು ದಿನಕ್ಕೆ ಸ್ವಲ್ಪದಂತೆ ಬೆಳೆಸುತ್ತ ಹೋದರು. ಮುಂದಿನ ಭಾಗವನ್ನು ಕೇಳಬೇಕೆಂಬ ಆಸೆಯಿಂದ ಹುಡುಗರು ಮರುದಿನವನ್ನು ಎದುರುನೋಡಿದರು. ಕಥೆ ಹೇಳುವುದು ಎಂಥ ಕೆಲಸವೆಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಬಲ್ಲೆನೆನಲಾರೆ.

ಎಂಟನೆಯ ದಿನ, ಸೆಪ್ಟೆಂಬರ್ ೨೫ರಂದು, ಒಬ್ಬ ಹುಡುಗನಿಗೆ ಆಕಾಶದಲ್ಲಿ ಒಂದು ಚುಕ್ಕೆ ಕಂಡಿತು. ಅದು ‘ಸಂಡರ್ಲೆಂಡ್’ ಜಾತಿಯ ಒಂದು ಕಡಲ ವಿಮಾನ. ಅದರ ಸುದ್ದಿಯ ಮೇಲೆ ‘ಆಂಥೊನಿ’ ಎಂಬ ಯುದ್ಧನೌಕೆ ಬಂದು ದೋಣಿಯಲ್ಲಿದ್ದವರನ್ನು ರಕ್ಷಿಸಿ ಸ್ಕಾಟ್ಲೆಂಡಿಗೆ ತಲಪಿಸಿತು. ಅಷ್ಟರಲ್ಲಿ ಆ ಆರು ಮನೆಗಳಿಗೂ ಮಗನು ಉಳಿಯಲಿಲ್ಲವೆಂಬ ಪತ್ರ ತಲಪಿದ್ದಿತು. ಆ ಪತ್ರ ಸುಳ್ಳಾದ ಮನೆಗಳು ಆರೇ ಆರು.

ಕಟ್ಟಕಡೆಯ ಲೆಕ್ಕ ಹೀಗೆ: ತೊಂಬತ್ತು ಮಕ್ಕಳಲ್ಲಿ ೭೭ ಮಂದಿ ಸತ್ತರು, ಹದಿಮೂವರು ಉಳಿದರು. ಲಂಡನ್ನಿನ ಆ ಐವರು ಒಡಹುಟ್ಟಿದವರಲ್ಲಿ ಒಬ್ಬರೂ ಉಳಿಯಲಿಲ್ಲ. ಫೋಲೆಂಡಾಮ್ ಹಡಗಿನಿಂದ ಬದುಕಿ ಬಂದಿದ್ದ ಇಬ್ಬರೂ ಉಳಿಯಲಿಲ್ಲ. ಓಲ್ಡನ್ ದಂಪತಿಗಳು ತಮ್ಮ ನಾಡಿನವರ ಅಸ್ತ್ರದಿಂದಲೇ ಹತರಾದರು. ಮೋನಿಕಾ ಮಾನ್ ಬದುಕಿದರು. ಆಕೆಯ ಪತಿ ಬದುಕಲಿಲ್ಲ. ಒಟ್ಟು ಸತ್ತವರು ಸುಮಾರು ೨೬೦. ಅವರಲ್ಲಿ ಹೆಚ್ಚು ಕಡಮೆ ನೂರು ಮಂದಿ ನಮ್ಮ ದೇಶದ ನಾವಿಕರು. ಮಕ್ಕಳನ್ನು ಕಡಲಾಚೆ ಕಳುಹಿಸುವ ಯೋಜನೆ ಇಲ್ಲಿಗೆ ನಿಂತಿತು. ಅಷ್ಟರಲ್ಲಿ ೨,೬೬೪ ಮಕ್ಕಳು ಹೊರಟಿದ್ದರು.

ಕೊಂದವನ ಅಪರಾಧವೆಷ್ಟು? ಈ ಹಡಗು ಮೊದಲ ಪ್ರಯಾಣಕ್ಕೆ ಹೊರಟ ೧೯೩೬ನೆಯ ಇಸವಿಯಲ್ಲಿಯೇ ಲಂಡನ್ನಿನಲ್ಲಿ ರಾಷ್ಟ್ರಗಳು ಒಂದು ಒಪ್ಪಂದಕ್ಕೆ ರುಜುಮಾಡಿದ್ದವು. ಪ್ರಯಾಣಿಕರನ್ನೂ ನಾವಿಕರನ್ನೂ ಸುರಕ್ಷಿತವಾದ ಸ್ಥಳದಲ್ಲಿರಿಸದೆ ಜಲಾಂತರ್ಗಾಮಿಗಳು ವ್ಯಾಪಾರಿ ಹಡಗನ್ನು ಮುಳುಗಿಸಕೂಡದೆಂಬುದು ಅದರ ಸಾರ. ಆ ವರ್ಷವೇ ಜರ್ಮನಿಯೂ ಅದನ್ನು ಅಂಗೀಕರಿಸಿತು. ಆದರೆ ಕಾವಲಿನ ಗುಂಪಿನಲ್ಲಿ, ದೀಪವಾರಿಸಿ, ಫಿರಂಗಿ ಹೊತ್ತು ಹೋಗುವ ಹಡಗಿಗೆ ಆ ರಕ್ಷೆ ಸಲ್ಲದೆಂದು ವಾದಿಸಿದರು. ಒಳಗೆ ಮಕ್ಕಳಿರುವುದನ್ನು ತಿಳಿಯುವ ಮಾರ್ಗವಿರಲಿಲ್ಲವೆಂದು ಬ್ಲೈಖ್ರೋಟ್ ಯುದ್ಧಾನಂತರ ಹೇಳಿದನು. ಅದು ನಿಜವಿರಬಹುದು, ಹಡಗಿನ ಮೇಲೆ ಮಕ್ಕಳ ಗುರುತೇನೂ ಇರಲಿಲ್ಲ. ೧೯೪೬ರಲ್ಲಿ ನ್ಯೂರೆಂಬರ್ಗಿನ ನ್ಯಾಯಸ್ಥಾನವು ಜರ್ಮನ್ ಜಲಾಂತರ್ಗಾಮಿಗಳ ಮುಖಂಡ ಡೋನಿಟ್ಸನನ್ನು ವಿಚಾರಿಸಿದಾಗ, ಇಂಥ ಸಮುದ್ರಯುದ್ಧವನ್ನು ಗೆದ್ದವರೂ ನಡೆಸಿದ್ದರೆಂಬುದನ್ನು ಗಮನಿಸಿ, ಆ ನಿಯಮಭಂಗವನ್ನು ಅವನ ಶಿಕ್ಷೆಯ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯುದ್ಧವು ಕಾನೂನನ್ನು ಮುರಿಯುತ್ತದೆ ಎಂದರೆ ಸಾಲದು. ಎರಡು ಕಡೆಯವರೂ ಮುರಿದ ಮೇಲೆ ಕೇಳುವವರೇ ಇಲ್ಲದಂತೆ ಮಾಡುತ್ತದೆ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು ಮತ್ತೊಂದು ಲೆಕ್ಕ. ಬದುಕಿಬಂದ ಆರು ಹುಡುಗರ ಹೆಸರು, ಊರು, ಭಾವಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ಬರಬೇಕಾದುದೇ. ಸತ್ತ ಎಪ್ಪತ್ತೇಳು ಮಕ್ಕಳನ್ನು ಇಂಗ್ಲೆಂಡು ಇಂದಿಗೂ ಮರೆತಿಲ್ಲ, ಮರೆಯಲೂ ಬಾರದು. ಅದೇ ದೋಣಿಯಲ್ಲಿ ಅದೇ ಬಿಸ್ಕತ್ತು ತಿಂದು, ಅದೇ ಗುಟುಕು ನೀರು ಕುಡಿದು, ಆ ಸನ್ನೆಗೋಲುಗಳನ್ನು ತಳ್ಳಿದ ಮೂವತ್ತು ಚಿಲ್ಲರೆ ಮಂದಿಯ ವಿಷಯವು ಮಾತ್ರ ಬಹುಮಟ್ಟಿಗೆ ‘ಲಸ್ಕರರು’ ಎಂಬ ಒಂದೇ ಮಾತಿನಲ್ಲಿ ಮುಗಿಯಿತು. ಆ ಎಂಟು ದಿನಗಳ ಕಥೆ ಲೋಕಕ್ಕೆ ತಿಳಿದುದು ಅದರಲ್ಲಿದ್ದ ಐರೋಪ್ಯರ ಬಾಯಿಂದ. ಯಾರೋ ಬೇಕೆಂದು ಅನ್ಯಾಯ ಮಾಡಿದರೆಂದು ನಾನು ಹೇಳುವುದಿಲ್ಲ. ಕೂಲಿಯ ಪಟ್ಟಿಯಲ್ಲಿ ಗುಂಪಾಗಿದ್ದವರು ಸಾವಿನ ಪಟ್ಟಿಯಲ್ಲಿಯೂ ಗುಂಪಾಗಿಯೇ ಉಳಿದರು. ಒಂದು ದೋಣಿಯನ್ನು ತಪ್ಪಾಗಿ ಎಣಿಸಿದುದರಿಂದ ನಲವತ್ತಾರು ಮಂದಿ ಎಂಟು ದಿನ ಕಡಲಿನ ಪಾಲಾದರು; ಆ ತಪ್ಪನ್ನು ಒಂದು ವಿಮಾನ ತಿದ್ದಿತು. ಮನುಷ್ಯರನ್ನು ಹೆಸರಿಲ್ಲದೆ ಎಣಿಸಿದ ತಪ್ಪನ್ನು ತಿದ್ದಲು ಯಾವ ವಿಮಾನವೂ ಬರುವುದಿಲ್ಲ. ಅದನ್ನು ತಿದ್ದಬೇಕಾದವರು ಅನಂತರದ ತಲೆಮ್ಮಾರಿನವರು, ಎಂದರೆ ನಾವು.

ತಿದ್ದುವ ಸಾಧನವೂ ಇಲ್ಲದೆ ಇಲ್ಲ. ಲಂಡನ್ನಿನ ಟವರ್ ಹಿಲ್ ಎಂಬಲ್ಲಿ ಸಮುದ್ರವೇ ಸಮಾಧಿಯಾದ ವ್ಯಾಪಾರಿ ನಾವಿಕರ ಹೆಸರುಗಳನ್ನು, ಹಡಗು ಹಡಗಾಗಿ, ಕಂಚಿನ ಫಲಕಗಳಲ್ಲಿ ಕೆತ್ತಿದ್ದಾರೆ. ಆ ಯುದ್ಧದಲ್ಲಿ ಕಡಲಿನ ಪಾಲಾದ ಆರು ಸಾವಿರಕ್ಕೂ ಹೆಚ್ಚು ಮಂದಿ ಹಿಂದೂ ದೇಶದ ನಾವಿಕರಿಗೆ ಮುಂಬಯಿಯ ನಾವಿಕರ ವಸತಿಗೃಹದಲ್ಲಿ ಒಂದು ಸ್ಮಾರಕವಿದೆ. ಚಿತ್ತಗಾಂಗಿನಲ್ಲಿ ಅದರ ಜೊತೆಯದೊಂದು. ಇವರ ಹೆಸರುಗಳನ್ನು ಗೋಡೆಯ ಮೇಲಲ್ಲ, ಒಂದು ಪುಸ್ತಕದಲ್ಲಿ ಬರೆದಿಟ್ಟಿದೆ. ಗೋಡೆಯ ಹೆಸರು ದಾರಿಹೋಕನ ಕಣ್ಣಿಗೂ ಬೀಳುತ್ತದೆ; ಪುಸ್ತಕದ ಹೆಸರನ್ನು ನಾವಾಗಿ ತೆರೆದು ಓದಬೇಕು.

ಕಾಶಿಗೂ ಗಯೆಗೂ ಹೋಗಿ ಬಂದವರು ಒಂದು ವಿಷಯವನ್ನು ಬಲ್ಲರು. ತಂದೆತಾಯಿಗಳಿಗೆ, ಬಂಧುಗಳಿಗೆ, ಗುರುಗಳಿಗೆ ಪಿಂಡವಿಟ್ಟ ಮೇಲೆ ಕೊನೆಯಲ್ಲಿ ಧರ್ಮಪಿಂಡವೆಂಬುದೊಂದನ್ನು ಇಡುತ್ತಾರೆ. ಅದು ಗೋತ್ರ ತಿಳಿಯದವರಿಗೆ, ಹೆಸರು ತಿಳಿಯದವರಿಗೆ, ತಮ್ಮವರೆಂದು ಯಾರೂ ಇಲ್ಲದೆ ಹೋದವರಿಗೆ. ಬೆನಾರೆಸ್ ಹಡಗಿನಲ್ಲಿ ಮಡಿದ ನಮ್ಮ ನಾವಿಕರಲ್ಲಿ ಬಹುಮಂದಿ ಮುಸಲ್ಮಾನರು. ಆ ಮಕ್ಕಳು ಕ್ರೈಸ್ತರು. ಅವರವರ ಶಾಸ್ತ್ರ ಅವರವರಿಗೆ. ಆದರೂ, ಕಾಶಿಯ ಹೆಸರು ಹೊತ್ತ ಹಡಗಿನಲ್ಲಿ ಹೋದವರನ್ನು ನೆನೆಯುವಾಗ ಕಾಶಿಯ ಈ ಪದ್ಧತಿ ನನಗೆ ನೆನಪಾಗುತ್ತದೆ. ಹೆಸರು ತಿಳಿಯದವರಿಗೂ ಒಂದು ಪಾಲನ್ನು ತೆಗೆದಿರಿಸಿದಾಗಲೇ ಲೆಕ್ಕ ತೀರಿತೆಂದು ನಮ್ಮ ಹಿರಿಯರು ತಿಳಿದಿದ್ದರು.